ಬುಲೆಟ್ ಕೆಳಗಿನ ಎಣ್ಣೆ ಕಲೆ: ಒಂದು ಸೋರಿಕೆಯ ನೂರು ವರ್ಷದ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಬರಹ ಇದ್ದರೆ ಆಫೀಸ್ ಕ್ಯಾಬಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಎಂದಿನ ಹಾಗೆ ಈ ಸಲದ ಮಾತನ್ನೂ ಬರೆದು ಹಾಕಿದ್ದೇನೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.

ಈ ಸಲದ ಇತಿಹಾಸ ಯಾವ ರಾಜನದ್ದೂ ಅಲ್ಲ, ಯಾವ ಯುದ್ಧದ್ದೂ ಅಲ್ಲ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಬಿದ್ದಿದ್ದ ಒಂದು ಕಪ್ಪು ಕಲೆಯದ್ದು. ಅಂಗೈ ಅಗಲದ ಕಲೆ. ಅದನ್ನ ಹುಡುಕಿಕೊಂಡು ಹೊರಟವನು ಇಂಗ್ಲೆಂಡು, ಜಪಾನು, ಮದ್ರಾಸು, ಮೈಸೂರು ಎಲ್ಲಾ ಸುತ್ತಿ ಬಂದೆ.

ನಮ್ಮಪ್ಪನ ಹತ್ತಿರ 350 ಸಿಸಿ ಬುಲೆಟ್ ಇದೆ, ಹಳೇ ಕಬ್ಬಿಣದ ಇಂಜಿನ್ನಿನದು. ಶಿವಮೊಗ್ಗದಲ್ಲಿ ಮೂವತ್ತು ವರ್ಷ ಓಡಿಸಿದರು. ಮಂಡಿ ನೋವು ಶುರುವಾದ ಮೇಲೆ ಕಿಕ್ ಹೊಡೆಯೋಕೆ ಆಗ್ತಿರಲಿಲ್ಲ. "ಮಾರೋದು ಬೇಡ, ನೀನು ತಗೊಂಡು ಹೋಗು" ಅಂದ್ರು. ಪೆಟ್ರೋಲ್ ಖಾಲಿ ಮಾಡಿ, ಗೋಣಿಚೀಲ ಸುತ್ತಿ ಪುಣೆಗೆ ಕಳಿಸಿದ್ದಾಯಿತು. ಎನ್‌ಒಸಿ, ಆರ್‌ಟಿಒ ಓಡಾಟದ ಕಥೆ ನಿಮಗೆ ಹೇಳೋದೇ ಬೇಡ, ಹೊರರಾಜ್ಯದಲ್ಲಿ ಗಾಡಿ ಇಟ್ಟುಕೊಂಡಿರೋ ಎಲ್ಲರೂ ಅದನ್ನ ಅನುಭವಿಸಿದ್ದೀರಿ.

ಬಂದು ಒಂದು ತಿಂಗಳಿಗೆ ಕಲೆ ಕಾಣಿಸಿತು. ಸೊಸೈಟಿ ಸೆಕ್ರೆಟರಿ ಮೊದಲು ಮೆಸೇಜ್ ಹಾಕಿದರು, ಆಮೇಲೆ ನೋಟಿಸ್ ಅಂಟಿಸಿದರು. ಅದನ್ನ ತಲೆಗೆ ಹಾಕಿಕೊಳ್ಳಲಿಲ್ಲ. ಆದರೆ ಜೂನ್ ತಿಂಗಳ ಮೊದಲ ಮಳೆಯ ದಿನ, ಮಗಳನ್ನ ಹಿಂದೆ ಕೂರಿಸಿಕೊಂಡು ಬೇಸ್‌ಮೆಂಟ್ ರ‍್ಯಾಂಪ್ ಹತ್ತುತ್ತಾ ಇದ್ದೆ, ಹಿಂದಿನ ಚಕ್ರ ಪಕ್ಕಕ್ಕೆ ಸರಿಯಿತು. ಬೀಳಲಿಲ್ಲ, ಕಾಲು ಕೊಟ್ಟು ತಡೆದೆ. ಇಳಿದು ನೋಡಿದರೆ ಟೈರಿನ ಎಡಭಾಗದಲ್ಲಿ ಎಣ್ಣೆ ಮಿನುಗ್ತಾ ಇತ್ತು. ಅವತ್ತೇ ಗೊತ್ತಾಗಿದ್ದು, ಇದು ಬರೀ ನೆಲ ಗಲೀಜಾಗೋ ವಿಷಯ ಅಲ್ಲ ಅಂತ.

ಹತ್ತಿರದ ಒಂದು ದೊಡ್ಡ ಗ್ಯಾರೇಜಿಗೆ ಕೊಟ್ಟೆ. ಎಡಗಡೆ ಪ್ರೈಮರಿ ಕವರ್‌ನ ರಬ್ಬರ್ ರಿಂಗ್ ಬದಲಿಸಿದರು. ಹತ್ತು ದಿನಕ್ಕೆ ಮತ್ತೆ ಕಲೆ. ಇನ್ನೊಂದು ರಿಂಗ್ ಹಾಕಿ, ಮೇಲೆ ಸಿಲಿಕೋನ್ ಪೇಸ್ಟ್ ಮೆತ್ತಿದರು. ಮತ್ತೆ ಕಲೆ. ಮೂರನೇ ಸಲ ಹೆಡ್ ಪ್ಯಾಕಿಂಗ್ ಹೋಗಿರಬೇಕು ಅಂತ ಅದನ್ನೂ ಬಿಚ್ಚಿದರು. ಒಟ್ಟು ಒಂಬತ್ತು ಸಾವಿರ ಬಿಲ್ಲು. ಕಲೆ ಮಾತ್ರ ಅಲ್ಲೇ ಇತ್ತು. ಕೊನೆಗೆ ಅವರು ಹೇಳಿದ್ದೇನು ಗೊತ್ತಾ? "ಹಳೇ ಬುಲೆಟ್ ಅಂದ್ರೆ ಸೋರೋದೇ ಸರ್."

ಈ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ನಿಜವಾಗಲೂ ಸೋರೋದು ಅದರ ಗುಣವಾ? ಅಥವಾ ಯಾರೂ ಸರಿಯಾಗಿ ಹುಡುಕಿಲ್ಲವಾ? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೋರೋದೇ ನಿಯಮವಾಗಿದ್ದ ಕಾಲ

1900ರ ಸುಮಾರಿನ ಮೋಟಾರ್ ಸೈಕಲ್‌ಗಳಲ್ಲಿ ಎಣ್ಣೆ ಸೋರೋದು ತೊಂದರೆ ಆಗಿರಲೇ ಇಲ್ಲ, ಅದೇ ವಿನ್ಯಾಸ. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಒಂದು ಚಿಕ್ಕ ಎಣ್ಣೆ ಟ್ಯಾಂಕು, ಅದಕ್ಕೊಂದು ಕೈಪಂಪು. ಸವಾರ ಕೆಲವು ಮೈಲಿಗೊಮ್ಮೆ ಪಂಪು ಒತ್ತಬೇಕು. ಒಂದು ಗುಟುಕು ಎಣ್ಣೆ ಇಂಜಿನ್ನಿಗೆ ಇಳಿಯುತ್ತೆ, ಬೇರಿಂಗಿಗೆ, ಸಿಲಿಂಡರಿಗೆ ಎರಚುತ್ತೆ, ಸ್ವಲ್ಪ ಸುಟ್ಟು ಹೊಗೆಯಾಗುತ್ತೆ, ಉಳಿದದ್ದು ರಸ್ತೆಗೆ. ವಾಪಸ್ ಬರೋ ದಾರಿಯೇ ಇಲ್ಲ. ಇದನ್ನ ಟೋಟಲ್ ಲಾಸ್ ಪದ್ಧತಿ ಅಂತಲೇ ಕರೀತಿದ್ದರು, ಅಂದ್ರೆ ಪೂರ್ತಿ ನಷ್ಟ. ಏರು ಹತ್ತುವಾಗ ಒಂದು ಗುಟುಕು ಜಾಸ್ತಿ. ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಎಣ್ಣೆಯ ಲೆಕ್ಕ ಸವಾರನ ತಲೆಯಲ್ಲೇ ಇರಬೇಕಿತ್ತು.

ಆ ಕಾಲದ ಒಳ್ಳೆಯ ಇಂಜಿನ್ ಎಣ್ಣೆಯಲ್ಲಿ ಹರಳೆಣ್ಣೆ ಇರ್ತಿತ್ತು. ಹೌದು, ನಮ್ಮಜ್ಜಿ ಶನಿವಾರ ತಲೆಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಬಿಸಿಗೂ ಒತ್ತಡಕ್ಕೂ ಅದು ಲೋಹದ ಮೇಲೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. 1909ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ ತನ್ನ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟಿದ್ದು ಇದರಿಂದಲೇ. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ತಾನೇ.

ಆಮೇಲೆ ಇಂಜಿನ್ನಿನ ವೇಗ ಹೆಚ್ಚಿತು, ದೂರ ಹೆಚ್ಚಿತು. ಎಣ್ಣೆಯನ್ನ ಸುಮ್ಮನೆ ಚೆಲ್ಲೋಕೆ ಆಗೋದಿಲ್ಲ, ಅದನ್ನೇ ಮತ್ತೆ ಮತ್ತೆ ಸುತ್ತಿಸಬೇಕು ಅನ್ನೋ ಹಂತ ಬಂತು. ಒಂದು ಪಂಪು ಎಣ್ಣೆ ಕಳಿಸುತ್ತೆ, ಇನ್ನೊಂದು ತಳದಲ್ಲಿ ಬಿದ್ದದ್ದನ್ನ ಎತ್ತಿ ವಾಪಸ್ ಟ್ಯಾಂಕಿಗೆ ಹಾಕುತ್ತೆ. ಇದೇ ಡ್ರೈ ಸಂಪ್. ಇತಿಹಾಸದ ತಿರುವು ಇಲ್ಲೇ ಇರೋದು. ಎಣ್ಣೆ ಹೊರಗೆ ಹೋಗೋದು ಸಹಜ ಅಂತಿದ್ದಾಗ ಸೋರಿಕೆ ಅನ್ನೋ ಪದಕ್ಕೇ ಅರ್ಥ ಇರಲಿಲ್ಲ. ಎಣ್ಣೆಯನ್ನ ಒಳಗೇ ಇಡಬೇಕು ಅಂತ ತೀರ್ಮಾನ ಮಾಡಿದ ದಿನವೇ ಸೋರಿಕೆ ಹುಟ್ಟಿದ್ದು.

ತಡೆಯೋಕೆ ಏನಿತ್ತು?

ಹುಟ್ಟಿದ ಸೋರಿಕೆಯನ್ನ ತಡೆಯೋಕೆ ಆಗ ಕೈಯಲ್ಲಿದ್ದ ಸಾಮಾನು ಏನು? ಕಾಗದ, ಕಾರ್ಕು, ಉಣ್ಣೆಯ ಫೆಲ್ಟು, ಚರ್ಮ. ಎರಡು ಲೋಹದ ಮುಖಗಳ ನಡುವೆ ಕಾಗದದ ಪ್ಯಾಕಿಂಗು. ತಿರುಗುವ ಶಾಫ್ಟಿನ ಸುತ್ತ ಫೆಲ್ಟಿನ ಬಳೆ. ಫೆಲ್ಟು ಎಣ್ಣೆಯನ್ನ ತಡೆಯೋದಕ್ಕಿಂತ ಕುಡಿಯೋದೇ ಹೆಚ್ಚು.

ಇದನ್ನ ಬದಲಿಸಿದ್ದು ಎರಡು ಪುಟ್ಟ ವಸ್ತುಗಳು. ಒಂದು, ಆಯಿಲ್ ಸೀಲ್. ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಅನ್ನೋ ಚರ್ಮದ ಕಂಪನಿಯ ಇಂಜಿನಿಯರ್ ವಾಲ್ಟರ್ ಸಿಮ್ಮರ್ 1930ರ ಆಸುಪಾಸಿನಲ್ಲಿ ಶಾಫ್ಟನ್ನ ತುಟಿಯ ಹಾಗೆ ಅಪ್ಪಿಕೊಳ್ಳೋ ಸೀಲ್ ರೂಪಿಸಿದರು. ಮೊದಲು ಚರ್ಮದ ತುಟಿ, ಆಮೇಲೆ ಕೃತಕ ರಬ್ಬರಿನದು. ಇನ್ನೊಂದು, ಓ-ರಿಂಗ್. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್ಸನ್ 1937ರಲ್ಲಿ ಅರ್ಜಿ ಹಾಕಿ 1939ರಲ್ಲಿ ಪೇಟೆಂಟ್ ಪಡೆದರು. ಒಂದು ರಬ್ಬರ್ ಬಳೆ, ಅದು ಕೂರೋಕೆ ಒಂದು ಗಾಡಿ, ಅಷ್ಟೇ. ಎರಡನೇ ಮಹಾಯುದ್ಧದ ವಿಮಾನಗಳಿಂದ ಹಿಡಿದು ನಮ್ಮ ಮನೆಯ ಪ್ರೆಶರ್ ವಾಟರ್ ಪಂಪಿನ ತನಕ ಅದೇ ಬಳೆ ಬಂತು.

ರಬ್ಬರಿನ ಶಕ್ತಿ ಅದರ ಮೃದುತ್ವದಲ್ಲಿದೆ. ಅದು ಗಟ್ಟಿಯಾದ ದಿನ ಸತ್ತ ಹಾಗೆ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದಾಗ ಚಳಿಗೆ ಬಿಗಿದುಕೊಂಡಿದ್ದ ಓ-ರಿಂಗೇ ಕಾರಣ ಅನ್ನೋದನ್ನ ರಿಚರ್ಡ್ ಫೈನ್‌ಮನ್ ಒಂದು ಲೋಟ ಐಸ್ ನೀರಿನಲ್ಲಿ ಅದ್ದಿ ತೋರಿಸಿದ್ದು ನಿಮ್ಮಲ್ಲಿ ಅನೇಕರು ನೋಡಿರ್ತೀರಿ. ಈ ಮಾತು ನೆನಪಲ್ಲಿ ಇಟ್ಟುಕೊಳ್ಳಿ, ಕೊನೆಗೆ ನಮ್ಮ ಬುಲೆಟ್ಟಿಗೂ ಇದೇ ಬೇಕಾಗುತ್ತೆ.

ಇಂಗ್ಲಿಷ್ ಬೈಕು, ಕಪ್ಪು ಕಲೆ

ಯುದ್ಧದ ನಂತರ ಪ್ರಪಂಚಕ್ಕೆಲ್ಲ ಮೋಟಾರ್ ಸೈಕಲ್ ಮಾರುತ್ತಿದ್ದದ್ದು ಇಂಗ್ಲೆಂಡು. ಟ್ರಯಂಫ್, ಬಿಎಸ್‌ಎ, ನಾರ್ಟನ್, ರಾಯಲ್ ಎನ್‌ಫೀಲ್ಡ್. ಈ ಬೈಕುಗಳ ಬಗ್ಗೆ ಒಂದು ಹಳೇ ತಮಾಷೆ ಇದೆ: ಕೆಳಗೆ ಎಣ್ಣೆ ಬಿದ್ದಿಲ್ಲ ಅಂದ್ರೆ ಒಳಗೆ ಎಣ್ಣೆ ಮುಗಿದಿದೆ ಅಂತ ಅರ್ಥ. ತಮಾಷೆ ಹಿಂದೆ ಸತ್ಯ ಇತ್ತು.

ಇದಕ್ಕೆ ಸಾಮಾನ್ಯವಾಗಿ ಒಂದು ವಿವರಣೆ ಕೊಡ್ತಾರೆ. ಈ ಇಂಜಿನ್ನುಗಳ ಕ್ರ್ಯಾಂಕ್‌ಕೇಸು ತೆಂಗಿನಕಾಯಿ ಉದ್ದಕ್ಕೆ ಸೀಳಿದ ಹಾಗೆ ಎಡ ಬಲ ಎರಡು ಹೋಳು. ಬೆಸುಗೆ ಗೆರೆ ಮೇಲಿಂದ ತಳದವರೆಗೂ ಇರುತ್ತೆ, ಎಣ್ಣೆ ನಿಲ್ಲೋದೂ ಆ ಗೆರೆಯ ಮೇಲೇ, ಅದಕ್ಕೇ ಸೋರುತ್ತೆ. ಹೋಂಡಾದವರು 60ರ ದಶಕದ ಟ್ವಿನ್‌ಗಳಲ್ಲಿ, ಆಮೇಲೆ 1969ರ ನಾಲ್ಕು ಸಿಲಿಂಡರಿನ ಸಿಬಿ 750ಯಲ್ಲಿ ಇಡ್ಲಿ ಪಾತ್ರೆಯ ಹಾಗೆ ಮೇಲೆ ಕೆಳಗೆ ಎರಡು ಹೋಳು ಮಾಡಿದರು. ಗೆರೆ ಮೇಲೆ ಹೋಯಿತು, ಎಣ್ಣೆ ನಿಲ್ಲೋ ಜಾಗದಲ್ಲಿ ಜೋಡಣೆಯೇ ಇಲ್ಲ, ಸೋರಿಕೆ ನಿಂತಿತು. ಇದು ಕಥೆ.

ಕಥೆ ಚೆನ್ನಾಗಿದೆ. ಆದರೆ ಪೂರ್ತಿ ಸರಿ ಇಲ್ಲ. ಯಾಕೆ ಅಂತ ಹೇಳ್ತೀನಿ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ನಿಮಗೆ ನೆನಪಿರಬೇಕು. ನಮ್ಮ ಮೇಷ್ಟ್ರುಗಳು, ಎಲ್ಐಸಿ ಏಜೆಂಟರು, ಹಾಲಿನವರು ಎಲ್ಲರ ಹತ್ತಿರ ಇತ್ತು. ಆ ಇಂಜಿನ್ನಿನ ಕ್ರ್ಯಾಂಕ್‌ಕೇಸು ಕೂಡ ಎಡ ಬಲ ಎರಡು ಹೋಳೇ! ಆಮೇಲೆ ಬಂದ ಸ್ಪ್ಲೆಂಡರ್ ಕೂಡ ಅಷ್ಟೇ. ಅವುಗಳ ಕೆಳಗೆ ಕಲೆ ನೋಡಿದ್ದೀರಾ? ಅಪರೂಪ. ಅಂದ ಮೇಲೆ ಸೀಳಿನ ದಿಕ್ಕು ಒಂದೇ ಕಾರಣ ಆಗೋಕೆ ಸಾಧ್ಯ ಇಲ್ಲ.

ಹಾಗಾದ್ರೆ ನಿಜವಾದ ವ್ಯತ್ಯಾಸ ಏನು? ಮೂರು ಇದೆ. ಒಂದು, ಮುಖದ ಸಮತಟ್ಟು. ಎರಡು ಲೋಹದ ಮುಖ ಎಷ್ಟು ಚಪ್ಪಟೆಯಾಗಿ ಕೂರುತ್ತೆ ಅನ್ನೋದು ಅದನ್ನ ಕೊರೆದ ಯಂತ್ರದ ಮೇಲೆ ನಿಂತಿದೆ. ಸೋಯಿಚಿರೋ ಹೋಂಡಾ 1950ರ ದಶಕದ ಆರಂಭದಲ್ಲೇ, ಕಂಪನಿ ಇನ್ನೂ ಚಿಕ್ಕದಿದ್ದಾಗ, ಅದರ ಬಂಡವಾಳಕ್ಕಿಂತ ಎಷ್ಟೋ ಪಟ್ಟು ಬೆಲೆಯ ಯಂತ್ರಗಳನ್ನ ವಿದೇಶದಿಂದ ತರಿಸಿದರು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಹಳೇ ಯಂತ್ರಗಳೇ ಸವೆದು ಸವೆದು ಓಡ್ತಾ ಇದ್ದವು. ಟ್ರಯಂಫ್‌ನ ಎಡ್ವರ್ಡ್ ಟರ್ನರ್ 1960ರಲ್ಲಿ ಸ್ವತಃ ಜಪಾನಿಗೆ ಹೋಗಿ, ಅಲ್ಲಿನ ಕಾರ್ಖಾನೆ ನೋಡಿ ಬೆಚ್ಚಿ, ವರದಿ ಬರೆದುಕೊಟ್ಟರು. ಅದರ ಮೇಲೆ ಆಗಬೇಕಾದಷ್ಟು ಕೆಲಸ ಆಗಲಿಲ್ಲ. ಅದೇ 1953ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಿಂದ ಎಚ್‌ಎಂಟಿ ಶುರುವಾಯಿತು. ಯಂತ್ರ ಮಾಡೋ ಯಂತ್ರ ನಮ್ಮದೇ ಇಲ್ಲದಿದ್ದರೆ ಏನೂ ಸರಿಯಾಗಿ ಮಾಡೋಕಾಗಲ್ಲ ಅನ್ನೋದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ನಾವು ಎಚ್‌ಎಂಟಿ ಅಂದ್ರೆ ಬರೀ ವಾಚು ಅಂದುಕೊಂಡುಬಿಟ್ಟಿದ್ದೇವೆ.

ಎರಡನೇ ವ್ಯತ್ಯಾಸ, ರಬ್ಬರ್. ಜಪಾನಿನವರು ಫೆಲ್ಟು, ಕಾರ್ಕು ಬಿಟ್ಟು ಒಳ್ಳೆಯ ಸೀಲು, ಓ-ರಿಂಗು ಹಾಕಿದರು. ಮೂರನೆಯದು ಯಾರ ಕಣ್ಣಿಗೂ ಬೀಳದ್ದು: ಇಂಜಿನ್ನಿನ ಉಸಿರು.

ಇಂಜಿನ್ನೂ ಉಸಿರಾಡುತ್ತೆ

ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇಡೀ ಕಥೆಯ ಗಂಟು ಇಲ್ಲಿದೆ.

ಬುಲೆಟ್ 350ರ ಸಿಲಿಂಡರ್ 70 ಮಿಲಿಮೀಟರ್ ಅಗಲ, ಪಿಸ್ಟನ್ ಓಡೋ ದೂರ 90 ಮಿಲಿಮೀಟರ್. ಲೆಕ್ಕ ಹಾಕಿದರೆ 346 ಸಿಸಿ. ಪಿಸ್ಟನ್ ಕೆಳಗೆ ಬರುವಾಗ ಮೇಲೆ ಅಷ್ಟು ಜಾಗ ಆಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಕೆಳಗೆ, ಕ್ರ್ಯಾಂಕ್‌ಕೇಸಿನಲ್ಲಿ, ಅಷ್ಟೇ ಜಾಗ ಕಡಿಮೆ ಆಗುತ್ತೆ. ಅಲ್ಲಿದ್ದ ಗಾಳಿ ಎಲ್ಲಿಗೆ ಹೋಗಬೇಕು? ನಿಮಿಷಕ್ಕೆ 3000 ಸುತ್ತು ಅಂದ್ರೆ ಸೆಕೆಂಡಿಗೆ 50 ಸಲ ಈ ಗಾಳಿ ಒತ್ತಿ ಬಿಡುತ್ತೆ. ತಿದಿ ಇದ್ದ ಹಾಗೆ. ನಾಲ್ಕು ಸಿಲಿಂಡರಿನ ಇಂಜಿನ್ನಾದರೆ ಎರಡು ಪಿಸ್ಟನ್ ಇಳಿಯುವಾಗ ಎರಡು ಏರುತ್ತೆ, ಗಾಳಿ ಒಳಗೊಳಗೇ ಅತ್ತಿತ್ತ ಸರಿದು ಸಮ ಆಗುತ್ತೆ. ಒಂಟಿ ಸಿಲಿಂಡರಿಗೆ ಆ ಸೌಲಭ್ಯ ಇಲ್ಲ. ಗಾಳಿ ಹೊರಗೇ ಹೋಗಬೇಕು.

ಅದಕ್ಕೇ ಬ್ರೀದರ್ ಅಂತ ಒಂದು ಕೊಳವೆ ಇರುತ್ತೆ, ಅದರಲ್ಲಿ ಒಂದೇ ದಿಕ್ಕಿಗೆ ತೆರೆಯೋ ವಾಲ್ವು. ಹಳೇ ಬುಲೆಟ್‌ಗಳ ಕೊಳವೆಯ ತುದಿಯಲ್ಲಿ ಬಾತುಕೋಳಿ ಕೊಕ್ಕಿನ ಹಾಗಿರೋ ರಬ್ಬರ್ ತುಂಡು ಇರುತ್ತೆ. ಪಿಸ್ಟನ್ ಇಳಿದಾಗ ಕೊಕ್ಕು ತೆರೆದು ಗಾಳಿ ಹೊರಗೆ. ಏರಿದಾಗ ಕೊಕ್ಕು ಮುಚ್ಚುತ್ತೆ, ಗಾಳಿ ಒಳಗೆ ಬರೋ ಹಾಗಿಲ್ಲ. ಹೀಗಾಗಿ ಇಂಜಿನ್ನಿನೊಳಗೆ ಸರಾಸರಿ ಹೊರಗಿಗಿಂತ ಸ್ವಲ್ಪ ಕಡಿಮೆ ಒತ್ತಡ ಇರುತ್ತೆ. ಎಲ್ಲೋ ಪ್ಯಾಕಿಂಗು ಸಡಿಲ ಇದ್ದರೂ ಎಣ್ಣೆ ಹೊರಗೆ ಬರೋ ಬದಲು ಹೊರಗಿನ ಗಾಳಿ ಒಳಗೆ ಹೋಗೋಕೆ ನೋಡುತ್ತೆ. ಎಷ್ಟು ಸೊಗಸಾದ ಉಪಾಯ ಅಲ್ವಾ?

ಈಗ ಆ ಕೊಕ್ಕು ಕಟ್ಟಿಕೊಂಡರೆ? ಗಾಳಿಗೆ ದಾರಿ ಇಲ್ಲ. ಇರೋಬರೋ ಜೋಡಣೆಗಳಲ್ಲಿ ಯಾವುದು ದುರ್ಬಲವೋ ಅಲ್ಲಿಂದ ಎಣ್ಣೆ ಹೊತ್ತುಕೊಂಡು ನುಗ್ಗುತ್ತೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ.

ರೆಡಿಚ್‌ನಿಂದ ತಿರುವೊತ್ತಿಯೂರಿಗೆ

ಈ ಇಂಜಿನ್ನು ಭಾರತಕ್ಕೆ ಬಂದದ್ದು ಹೇಗೆ? ರಾಯಲ್ ಎನ್‌ಫೀಲ್ಡ್ ಹುಟ್ಟಿದ್ದು ಇಂಗ್ಲೆಂಡಿನ ರೆಡಿಚ್‌ನಲ್ಲಿ, ಸೂಜಿ ತಯಾರಿಕೆಗೆ ಹೆಸರಾದ ಊರು. ಎನ್‌ಫೀಲ್ಡ್‌ನ ಸರ್ಕಾರಿ ಬಂದೂಕು ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುತ್ತಿದ್ದ ನಂಟಿನಿಂದ ಆ ಹೆಸರು ಬಂತು. 1901ರಲ್ಲಿ ಮೊದಲ ಮೋಟಾರ್ ಸೈಕಲ್, 30ರ ದಶಕದಲ್ಲಿ ಬುಲೆಟ್ ಅನ್ನೋ ಹೆಸರು, 40ರ ದಶಕದ ಕೊನೆಗೆ ನಾವು ಗುರುತು ಹಿಡಿಯೋ ರೂಪ. ಸ್ವಾತಂತ್ರ್ಯದ ನಂತರ ಗಡಿ ಕಾಯೋಕೆ ನಮ್ಮ ಸೈನ್ಯ ಈ ಬೈಕನ್ನ ಆರಿಸಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಆಯಿತು, ಮದ್ರಾಸಿನ ತಿರುವೊತ್ತಿಯೂರಿನಲ್ಲಿ ಕಾರ್ಖಾನೆ ಬಂತು. ಚೆನ್ನೈನಲ್ಲಿರೋ ನಮ್ಮ ಓದುಗರಿಗೆ ಆ ಜಾಗ ಗೊತ್ತೇ ಇರುತ್ತೆ.

1970ಕ್ಕೆ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಮುಚ್ಚಿತು. ಮದ್ರಾಸಿನದ್ದು ಓಡ್ತಾನೇ ಇತ್ತು, 1977ರಿಂದ ತವರು ಇಂಗ್ಲೆಂಡಿಗೇ ರಫ್ತಾಗತೊಡಗಿತು. ವಿನ್ಯಾಸ ಮಾತ್ರ ಹೆಚ್ಚು ಕಡಿಮೆ ಅದೇ. ಇಂಜಿನ್ನು ಬೇರೆ, ಗೇರ್‌ಬಾಕ್ಸ್ ಬೇರೆ, ಇವೆರಡನ್ನ ಜೋಡಿಸೋ ಪ್ರೈಮರಿ ಚೈನಿನ ಡಬ್ಬಿ ಬೇರೆ. ಮೂರು ಮನೆ, ಮೂರಕ್ಕೂ ಬೇರೆ ಬೇರೆ ಎಣ್ಣೆ. ಪ್ರೈಮರಿ ಡಬ್ಬಿಯ ದೊಡ್ಡ ಮುಚ್ಚಳ ನಿಂತಿರೋದು ಮಧ್ಯದ ಒಂದೇ ನಟ್ಟಿನ ಮೇಲೆ. ಜಾಸ್ತಿ ಬಿಗಿ ಮಾಡಿದರೆ ಮುಚ್ಚಳ ಸೊಟ್ಟ, ಕಡಿಮೆ ಮಾಡಿದರೆ ಸಡಿಲ. ತಲೆಯ ಮೇಲಿನ ರಾಕರ್‌ಗಳಿಗೆ ಎಣ್ಣೆ ಕೊಡೋ ಪೈಪೂ ಹೊರಗೇ, ಅದರ ಪ್ರತಿ ತುದಿಗೂ ತಾಮ್ರದ ವಾಶರು. ಜೋಡಣೆ ಜಾಸ್ತಿ ಇದ್ದಷ್ಟೂ ಸೋರೋಕೆ ಅವಕಾಶ ಜಾಸ್ತಿ, ನಮ್ಮ ಸಾಫ್ಟ್‌ವೇರಿನಲ್ಲಿ ಇಂಟರ್‌ಫೇಸ್ ಹೆಚ್ಚಾದ ಹಾಗೆ.

ಇದರಿಂದ ಒಂದು ಮೆಕ್ಯಾನಿಕ್ ಪರಂಪರೆಯೇ ಹುಟ್ಟಿತು. ಶಿವಮೊಗ್ಗದಲ್ಲಿ ನಾನೇ ಕಂಡಿದ್ದೇನೆ. ಪ್ಯಾಕಿಂಗ್ ಸಿಗದಿದ್ದರೆ ದಪ್ಪ ಕಾಗದವನ್ನ ಕೇಸಿನ ಮೇಲಿಟ್ಟು, ಅಂಚಿನ ಸುತ್ತ ಸುತ್ತಿಗೆಯ ಗುಂಡುತಲೆಯಿಂದ ಮೆತ್ತಗೆ ತಟ್ಟುತ್ತಾ ಹೋದರೆ ಅದೇ ಆಕಾರಕ್ಕೆ ಕತ್ತರಿಸಿಕೊಳ್ಳುತ್ತೆ. ಅದಕ್ಕೆ ಶೆಲಾಕ್ ಸವರಿ ಕೂರಿಸೋರು. ಶೆಲಾಕ್ ಅಂದ್ರೆ ಅರಗನ್ನ ಶುದ್ಧ ಮಾಡಿದ್ದು, ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡೋ ಅದೇ ಅರಗು. ಹಳೇ ತಾಮ್ರದ ವಾಶರನ್ನ ಎಸೆಯೋ ಹಾಗಿಲ್ಲ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತೆ, ಮತ್ತೆ ಕೂರುತ್ತೆ. ಪುಸ್ತಕ ಓದದೇ ಲೋಹಶಾಸ್ತ್ರ ಕಲಿತವರು ಅವರು.

ಮೈಸೂರಿನ ದಾರಿ ಬೇರೆ

ಅದೇ ಹೊತ್ತಿಗೆ ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 60ರ ದಶಕದ ಆರಂಭದಲ್ಲಿ ಚೆಕೋಸ್ಲೊವಾಕಿಯಾದ ಜಾವಾ ಬೈಕನ್ನ ಇಲ್ಲಿ ಮಾಡತೊಡಗಿದರು, 70ರ ದಶಕದಲ್ಲಿ ಅದು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಟು ಸ್ಟ್ರೋಕ್. ಎಣ್ಣೆಯನ್ನ ಪೆಟ್ರೋಲಿಗೇ ಬೆರೆಸೋದು, ಅದು ಸುಟ್ಟು ಹೊಗೆಯಾಗಿ ಹೋಗೋದು. ಯೋಚಿಸಿ ನೋಡಿದರೆ 1900ರ ಪೂರ್ತಿ ನಷ್ಟದ ಪದ್ಧತಿಯೇ, ಕೈಪಂಪಿನ ಬದಲು ಬಂಕಿನ ಅಳತೆ ಡಬ್ಬಿ.

ಹಾಗಂತ ಅಲ್ಲಿ ಸೀಲಿನ ತಲೆನೋವು ಇರಲಿಲ್ಲ ಅಂತಲ್ಲ, ಆದರೆ ಉಲ್ಟಾ. ಟು ಸ್ಟ್ರೋಕಿನ ಕ್ರ್ಯಾಂಕ್‌ಕೇಸು ಗಾಳಿ ಪೆಟ್ರೋಲನ್ನ ಹೀರಿಕೊಳ್ಳೋ ಕೋಣೆ. ಕ್ರ್ಯಾಂಕಿನ ಎಡಗಡೆ ಸೀಲ್ ಹೋದರೆ ಪಕ್ಕದ ಡಬ್ಬಿಯ ಗೇರ್ ಆಯಿಲನ್ನ ಒಳಗೆ ಹೀರಿ ಸುಡುತ್ತೆ. ನೆಲದ ಮೇಲೆ ಒಂದು ಹನಿ ಇರೋದಿಲ್ಲ, ಹಿಂದೆ ಮಾತ್ರ ದಟ್ಟ ಹೊಗೆ. ಜಾವಾದಲ್ಲಿ ಎಣ್ಣೆ ಡಬ್ಬಿಯಿಂದ ಇಂಜಿನ್ನಿಗೆ, ಬುಲೆಟ್ಟಿನಲ್ಲಿ ಇಂಜಿನ್ನಿಂದ ಡಬ್ಬಿಗೆ. ಎರಡೂ ಕಡೆ ಮಧ್ಯದಲ್ಲಿ ನಿಂತಿರೋದು ಒಂದು ಸಣ್ಣ ರಬ್ಬರ್ ಬಳೆ.

ಈ ಕೊನೆಯ ವಾಕ್ಯ ನನಗೆ ಆವತ್ತು ಗೊತ್ತಿದ್ದಿದ್ದರೆ ಒಂಬತ್ತು ಸಾವಿರ ಉಳೀತಿತ್ತು.

ಕಾಕಾ ಕೇಳಿದ ಎರಡು ಪ್ರಶ್ನೆ

ಆಫೀಸಿನ ಗೆಳೆಯನೊಬ್ಬ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕಳಿಸಿದ. ತಗಡಿನ ಶೆಡ್ಡು. ಸೊಲ್ಲಾಪುರ ಕಡೆಯವರು, ನಾನು ಫೋನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಅವರೂ ಕನ್ನಡಕ್ಕೇ ತಿರುಗಿದರು. ಎಲ್ಲರೂ ಕಾಕಾ ಅಂತಾರೆ, ನಾನೂ ಹಾಗೇ ಅಂದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ.

"ಎಣ್ಣಿ ಎಲ್ಲಿ ಬೀಳ್ತದ ಅಂತ ನೋಡಬ್ಯಾಡ್ರಿ ಸಾಹೇಬ್ರ, ಎಲ್ಲಿಂದ ಹೊಂಟದ ಅಂತ ನೋಡ್ರಿ" ಅಂದ್ರು. ಆಮೇಲೆ ಕೇಳಿದರು, "ಇಂಜಿನ್‌ನಾಗ ಎಣ್ಣಿ ಕಮ್ಮಿ ಆಗ್ತದೇನು?"

ಹೌದು, ಮೂರು ವಾರಕ್ಕೆ ಹತ್ತಿರ ಹತ್ತಿರ ಮುನ್ನೂರು ಎಂಎಲ್ ಹಾಕಿದ್ದೆ.

"ಪ್ರೈಮರಿಗೆ ಎಷ್ಟು ಹಾಕೀರಿ?"

ಅದಕ್ಕೆ ಏನೂ ಹಾಕಿಲ್ಲ. ಹೇಳುವಾಗಲೇ ನನಗೆ ಹೊಳೀತು. ಎಣ್ಣೆ ಬೀಳ್ತಿರೋದು ಪ್ರೈಮರಿ ಡಬ್ಬಿಯಿಂದ, ಕಡಿಮೆ ಆಗ್ತಿರೋದು ಇಂಜಿನ್ನಲ್ಲಿ! ಕಾಕಾ ಪ್ರೈಮರಿ ಮುಚ್ಚಳದ ಲೆವೆಲ್ ಸ್ಕ್ರೂ ಬಿಚ್ಚಿದರು. ಮಟ್ಟ ಸರಿಯಿದ್ದರೆ ಅಲ್ಲಿಂದ ಒಂದೆರಡು ಹನಿ ಬರಬೇಕು. ಧಾರೆಯಾಗಿ ಸುರೀತು, ಕೆಳಗಿಟ್ಟ ತಟ್ಟೆ ತುಂಬುವಷ್ಟು. ಅಷ್ಟು ತುಂಬಿದ ಡಬ್ಬಿಗೆ ಎಂಥ ಹೊಸ ರಿಂಗ್ ಹಾಕಿದರೇನು, ಸೋರದೇ ಇರುತ್ತಾ?

ಆಮೇಲೆ ಬ್ರೀದರ್. ಇಂಜಿನ್ ಚಾಲೂ ಮಾಡಿಸಿ ಕೊಳವೆಯ ತುದಿಗೆ ನನ್ನ ಬೆರಳಿಡಿಸಿದರು. ಏನೂ ಇಲ್ಲ. ಕೊಳವೆ ಕಿತ್ತು ಅದರ ಬುಡಕ್ಕೆ ಬೆರಳಿಟ್ಟರೆ, ಫಟ್ ಫಟ್ ಅಂತ ಉಸಿರು ಬಡೀತಾ ಇದೆ. ತುದಿಯ ಆ ರಬ್ಬರ್ ಕೊಕ್ಕು ಒಣಗಿದ ಖರ್ಜೂರದ ಹಾಗೆ ಬಿಗಿದು ಮುಚ್ಚಿಕೊಂಡಿತ್ತು. ಇದರಲ್ಲಿ ಕಂಪನಿಯ ತಪ್ಪೂ ಇಲ್ಲ, ಅಪ್ಪನ ತಪ್ಪೂ ಇಲ್ಲ. ರಬ್ಬರಿಗೆ ವಯಸ್ಸಾಗಿತ್ತು ಅಷ್ಟೇ.

ಈಗ ಸರಪಳಿ ಪೂರ್ತಿ ಆಯಿತು ನೋಡಿ. ಕೊಕ್ಕು ಕಟ್ಟಿತು, ಕ್ರ್ಯಾಂಕ್‌ಕೇಸಲ್ಲಿ ಒತ್ತಡ ಏರಿತು, ಇಂಜಿನ್ನಿಗೂ ಪ್ರೈಮರಿಗೂ ನಡುವಿನ ಹಳೇ ಸೀಲನ್ನ ದಾಟಿ ಎಣ್ಣೆ ಡಬ್ಬಿಗೆ ನುಗ್ಗಿತು, ಡಬ್ಬಿ ತುಂಬಿ ಮುಚ್ಚಳದ ಅಂಚಿಂದ ಹೊರಬಂತು, ಗಾಳಿಗೆ ಹಿಂದಕ್ಕೆ ಹಾರಿ ಟೈರು ಮುಟ್ಟಿತು. ಗ್ಯಾರೇಜಿನವರು ಬದಲಿಸಿದ್ದು ಕೊನೆಯ ಕೊಂಡಿ. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡಿ ಟಿಕೆಟ್ ಮುಚ್ಚೋದನ್ನ ನಾವೂ ಮಾಡಿದ್ದೇವೆ, ಅವರನ್ನ ಬೈಯೋಕೆ ನನಗೆ ಮುಖ ಇಲ್ಲ.

ಕೊಕ್ಕು, ಕೊಳವೆ ಹೊಸದು ಹಾಕಿದೆವು. ಕ್ಲಚ್ಚು, ಚೈನು, ಸ್ಪ್ರಾಕೆಟ್ ಬಿಚ್ಚಿ ಒಳಗಿನ ಸೀಲನ್ನೂ ಬದಲಿಸಿದರು, ಅದರ ತುಟಿ ಉಗುರಿನಷ್ಟು ಗಟ್ಟಿಯಾಗಿತ್ತು. ಮುಚ್ಚಳಕ್ಕೆ ಮೆತ್ತಿದ್ದ ಸಿಲಿಕೋನ್ ಎಲ್ಲಾ ಕೆರೆದು ತೆಗೆದರು. ಟೈರನ್ನ ಸೋಪು ನೀರಲ್ಲಿ ತಿಕ್ಕಿ ತೊಳೆದೆವು. ಇಂಜಿನ್ನನ್ನ ಸೀಮೆಎಣ್ಣೆ ಹಾಕಿ ಬ್ರಷ್ಷಲ್ಲಿ ಉಜ್ಜಿ, ಒಣಗಿಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿದರು. "ಐದು ಕಿಲೋಮೀಟರ್ ಹೋಗಿ ಬರ್ರಿ." ಪೌಡರ್ ಒದ್ದೆಯಾದ ಮೊದಲ ಜಾಗವೇ ಸೋರಿಕೆಯ ಮೂಲ. ಎಣ್ಣೆ ಕೆಳಗೂ ಹಿಂದಕ್ಕೂ ಹರಿಯೋದರಿಂದ ಹುಡುಕಬೇಕಾದ್ದು ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಒದ್ದೆ. ರಾಕರ್ ಪೈಪಿನ ಒಂದು ತುದಿ ಮಾತ್ರ ಸ್ವಲ್ಪ ಮಸುಕಾಗಿತ್ತು. ಕಾಕಾ ತಾಮ್ರದ ವಾಶರ್ ತೆಗೆದು ಬತ್ತಿಯಲ್ಲಿ ಕಾಯಿಸಿ ನೀರಿಗೆ ಹಾಕಿದರು. ಚುಯ್ ಅಂತು. ಶಿವಮೊಗ್ಗದ ಅದೇ ಶಬ್ದ.

ಕಲೆ ಹೋಯಿತು, ಮತ್ತೆ?

ಕಂಪನಿಯೂ ಕೊನೆಗೆ ಬದಲಾಯಿತು. 90ರ ದಶಕದಲ್ಲಿ ಐಷರ್ ಗುಂಪಿನ ಕೈಸೇರಿ, 2000ದಲ್ಲಿ ಸಿದ್ಧಾರ್ಥ ಲಾಲ್ ಮುಖ್ಯಸ್ಥರಾದ ಮೇಲೆ, 2008-09ರ ಹೊತ್ತಿಗೆ ಇಂಜಿನ್ನು, ಗೇರ್‌ಬಾಕ್ಸು ಒಂದೇ ಕವಚದಲ್ಲಿ ಸೇರಿದ ಹೊಸ ಇಂಜಿನ್ ಬಂತು. ಮೂರು ಮನೆ ಒಂದಾಯಿತು, ಎಣ್ಣೆಯೂ ಒಂದೇ. ಜೋಡಣೆ ಕಡಿಮೆ ಆಯಿತು, ಸೋರಿಕೆಯೂ ಕಡಿಮೆ ಆಯಿತು. ಹಳೇ ಅಭಿಮಾನಿಗಳು ಸದ್ದು ಮೊದಲಿನ ಹಾಗಿಲ್ಲ ಅಂದ್ರು. ಎರಡೂ ನಿಜ.

ನನಗೆ ಈ ಇತಿಹಾಸದಲ್ಲಿ ಕಂಡದ್ದು ಇಷ್ಟು. ಟೋಟಲ್ ಲಾಸ್ ಕಾಲದಲ್ಲಿ ಸೋರೋದು ಸಹಜ ಆಗಿತ್ತು, ಯಾಕಂದ್ರೆ ಬೇರೆ ದಾರಿ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಅದು ಸಹಜ ಅಂತ ಅಂದುಕೊಂಡರು, ಗೊತ್ತಿದ್ದೂ ಸರಿಮಾಡಲಿಲ್ಲ, ಮಾರುಕಟ್ಟೆ ಕಳೆದುಕೊಂಡರು. "ಹಳೇ ಬುಲೆಟ್ ಅಂದ್ರೆ ಸೋರೋದೇ" ಅನ್ನೋ ಮಾತು ಆ ಎರಡನೇ ಕಾಲದ ಉಳಿಕೆ. ನಾನೂ ಅದನ್ನ ನಂಬಿ ಮಗಳನ್ನ ಹಿಂದೆ ಕೂರಿಸಿಕೊಂಡು ಓಡಿಸ್ತಾ ಇದ್ದೆ ಅನ್ನೋದು ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ.

ಆವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಕೊಕ್ಕನ್ನ ನಾನು ಎರಡು ವರ್ಷಕ್ಕೊಂದು ಸಲ ಬದಲಿಸ್ತಿದ್ದೆ ಕಣೋ. ಮಂಡಿ ನೋವು ಬಂದ ಮೇಲೆ ಕೆಳಗೆ ಬಗ್ಗೋಕೆ ಆಗ್ಲಿಲ್ಲ. ನಿಂಗೆ ಹೇಳೋದು ಮರ್ತೆ" ಅಂದ್ರು.

ಪಾರ್ಕಿಂಗ್ ಕಲೆಯನ್ನ ಸರ್ಫ್ ಹಾಕಿ ತಿಕ್ಕಿದೆ, ಪೂರ್ತಿ ಹೋಗಿಲ್ಲ. ಹೊಸ ಹನಿ ಬಿದ್ದಿಲ್ಲ, ನಾಲ್ಕು ತಿಂಗಳಾಯಿತು. ಗಾಡಿಯ ಟೂಲ್‌ಬಾಕ್ಸಿನಲ್ಲಿ ಈಗ ಒಂದು ಹೆಚ್ಚುವರಿ ಕೊಕ್ಕು ಇದೆ, ಜತೆಗೆ ಬದಲಿಸಬೇಕಾದ ತಾರೀಖು ಬರೆದ ಚೀಟಿ. ಮಗಳ ಕೈಯಲ್ಲೇ ಬರೆಸಿದ್ದೇನೆ.

ನಿಮ್ಮ ಮನೆಯಲ್ಲೂ ಊರಿಂದ ಬಂದ ಹಳೇ ಗಾಡಿ ಇದ್ದರೆ ಈ ಭಾನುವಾರ ಒಂದು ರಟ್ಟು ಅದರ ಕೆಳಗಿಟ್ಟು ನೋಡಿ. ಆಮೇಲೆ ಅದನ್ನ ಓಡಿಸಿದವರಿಗೆ ಒಂದು ಫೋನ್ ಮಾಡಿ, ಏನೇನು ಬದಲಿಸ್ತಿದ್ರಿ ಅಂತ ಕೇಳಿ. ಮುಂದಿನ ವಾರ ಇನ್ನೊಂದು ಕಥೆ ಜತೆ ಸಿಗೋಣ.